ಆಯಿಲ್ ಸೀಲು ಸೋರಿದರೆ ಸೀಲನ್ನಷ್ಟೇ ದೂರಬೇಡಿ
ಕರಾವಳಿಯ ಪವರ್ ಟಿಲ್ಲರ್ ಹಾಗೂ ಡೀಸೆಲ್ ಎಂಜಿನ್ನುಗಳಲ್ಲಿ ಆಯಿಲ್ ಸೀಲಿನ ಆರೈಕೆ ಮತ್ತು ಬದಲಾವಣೆ

ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳಲ್ಲಿ ಭತ್ತದ ಗದ್ದೆಯನ್ನು ಹದಗೊಳಿಸಲು ಸಿಗುವ ಕಾಲ ಬಹಳ ಕಡಿಮೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಬೀಳುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿದು ಹೋಗುತ್ತದೆ. ರೋಹಿಣಿ, ಮೃಗಶಿರ ಮಳೆಗಳನ್ನು ನೋಡಿ ಅಗೆ ಹಾಕಿದವರು ಅದು ಬಲಿಯುವುದರೊಳಗಾಗಿ ಗದ್ದೆಯನ್ನು ಕೆಸರು ಮಾಡಿ ನಾಟಿ ಮುಗಿಸಬೇಕು. ಆ ಹತ್ತು ಹದಿನೈದು ದಿನಗಳಲ್ಲಿ ಊರಿನ ಪವರ್ ಟಿಲ್ಲರಿಗೆ ಬಿಡುವೆಂಬುದೇ ಇಲ್ಲ. ಒಂದು ಗದ್ದೆಯಿಂದ ಇನ್ನೊಂದಕ್ಕೆ, ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಅದು ತಿರುಗುತ್ತಲೇ ಇರುತ್ತದೆ. ಅಂಥ ಸಮಯದಲ್ಲಿ ಯಂತ್ರ ನಿಂತರೆ ನಷ್ಟವಾಗುವುದು ರಿಪೇರಿಯ ಹಣ ಮಾತ್ರವಲ್ಲ, ಬಲಿತ ಅಗೆ ಮತ್ತು ಕೈತಪ್ಪಿದ ಹದ.

ಹೀಗೆ ನಿಲ್ಲುವ ಯಂತ್ರಗಳಲ್ಲಿ ಎಷ್ಟೋ ಸಲ ಮೂಲ ಕಾರಣ ಆಯಿಲ್ ಸೀಲು ಎಂಬ ಒಂದು ಸಣ್ಣ ರಬ್ಬರ್ ಬಳೆ. ಇದರ ಬೆಲೆ ಸಾಮಾನ್ಯವಾಗಿ ಒಂದು ಲೀಟರ್ ಎಂಜಿನ್ ಎಣ್ಣೆಯ ಬೆಲೆಗಿಂತ ಹೆಚ್ಚಿಲ್ಲ. ಆದರೆ ಇದು ಕೆಟ್ಟು ಎಣ್ಣೆ ಸೋರಿಹೋದರೆ ಕ್ರ್ಯಾಂಕ್ ಶಾಫ್ಟು, ಬೇರಿಂಗು, ಗೇರು ಇವೆಲ್ಲವೂ ಹಾಳಾಗುತ್ತವೆ. ಸೋರುವ ಸೀಲನ್ನು ಬದಲಾಯಿಸಿದ ಮೇಲೂ ಒಂದೇ ತಿಂಗಳಲ್ಲಿ ಮತ್ತೆ ಸೋರುತ್ತದೆ ಎಂಬುದು ಅನೇಕರ ದೂರು. ಸೀಲು ಕೆಟ್ಟದ್ದು ಏಕೆ ಎಂದು ಹುಡುಕದೆ ಸೀಲನ್ನು ಮಾತ್ರ ಬದಲಾಯಿಸುವುದೇ ಇದಕ್ಕೆ ಮುಖ್ಯ ಕಾರಣ. ಆದ್ದರಿಂದ ಈ ಲೇಖನದಲ್ಲಿ ಸೀಲಿನ ರಚನೆ, ಅದು ಕೆಡುವ ಕಾರಣಗಳು, ಅವುಗಳನ್ನು ಪತ್ತೆಹಚ್ಚುವ ಬಗೆ, ಬದಲಾಯಿಸುವ ಕ್ರಮ ಮತ್ತು ಮಳೆಗಾಲಕ್ಕೆ ಮುಂಚಿನ ಆರೈಕೆ ಇವುಗಳನ್ನು ವಿವರಿಸಲಾಗಿದೆ.

ಆಯಿಲ್ ಸೀಲು ಎಂದರೇನು?

ಎಂಜಿನ್ನಿನ ಒಳಗಿರುವ ಎಣ್ಣೆಯನ್ನು ಹಿಡಿದಿಡಲು ಎರಡು ಬಗೆಯ ತಡೆಗಳಿವೆ. ಅಲುಗಾಡದ ಎರಡು ಭಾಗಗಳ ನಡುವೆ ಗ್ಯಾಸ್ಕೆಟ್ ಅಥವಾ ರಬ್ಬರ್ ರಿಂಗ್ ಇಟ್ಟು ಬೋಲ್ಟು ಬಿಗಿದರೆ ಸಾಕು. ಆದರೆ ತಿರುಗುವ ಶಾಫ್ಟು ಪೆಟ್ಟಿಗೆಯಿಂದ ಹೊರಗೆ ಬರುವ ಜಾಗದಲ್ಲಿ ಹಾಗೆ ಬಿಗಿಯಲು ಬರುವುದಿಲ್ಲ. ಶಾಫ್ಟು ತಿರುಗಲೂ ಬೇಕು, ಎಣ್ಣೆ ಹೊರಬರಲೂ ಬಾರದು. ಈ ಕೆಲಸಕ್ಕಾಗಿ ಇರುವುದೇ ಆಯಿಲ್ ಸೀಲು.

ಇದರಲ್ಲಿ ನಾಲ್ಕು ಭಾಗಗಳಿವೆ:

1. ಹೊರಗಿನ ಉಕ್ಕಿನ ಬಳೆ. ಇದು ಪೆಟ್ಟಿಗೆಯ ರಂಧ್ರದಲ್ಲಿ ಬಿಗಿಯಾಗಿ ಕೂರುತ್ತದೆ. ಕೆಲವು ಸೀಲುಗಳಲ್ಲಿ ಇದರ ಮೇಲೆಯೂ ರಬ್ಬರಿನ ಹೊದಿಕೆ ಇರುತ್ತದೆ.
2. ಮುಖ್ಯ ತುಟಿ. ಶಾಫ್ಟಿಗೆ ತಾಗಿಕೊಂಡಿರುವ ತೆಳುವಾದ ರಬ್ಬರ್ ಅಂಚು ಇದು.
3. ಸುರುಳಿ ಸ್ಪ್ರಿಂಗು. ಇದು ತುಟಿಯನ್ನು ಶಾಫ್ಟಿನ ಸುತ್ತ ಹದವಾಗಿ ಒತ್ತಿ ಹಿಡಿಯುತ್ತದೆ.
4. ಧೂಳು ತುಟಿ. ಇದು ಹೊರಗಿನ ಮಣ್ಣು ಮತ್ತು ನೀರನ್ನು ತಡೆಯುತ್ತದೆ. ಇದು ಎಲ್ಲ ಸೀಲುಗಳಲ್ಲಿಯೂ ಇರುವುದಿಲ್ಲ. ಕೆಸರಿನಲ್ಲಿ ಕೆಲಸ ಮಾಡುವ ಭಾಗಗಳಿಗೆ ಧೂಳು ತುಟಿ ಇರುವ ಸೀಲು ಅವಶ್ಯಕ.

ತುಟಿಯು ಶಾಫ್ಟನ್ನು ಒಣಗಿ ಉಜ್ಜುವುದಿಲ್ಲ. ಇವೆರಡರ ನಡುವೆ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು ತೆಳುವಾದ ಎಣ್ಣೆಯ ಪೊರೆ ಸದಾ ಇರುತ್ತದೆ. ಆ ಪೊರೆಯ ಮೇಲೆಯೇ ತುಟಿ ತೇಲುತ್ತದೆ. ಅದು ತಪ್ಪಿದರೆ ರಬ್ಬರು ಸುಟ್ಟು ಗಟ್ಟಿಯಾಗುತ್ತದೆ. ಸೀಲಿನ ಮೇಲೆ ಬೀಳುವ ಕೆಲಸದ ಭಾರವನ್ನು ಒಂದು ಲೆಕ್ಕದಿಂದ ತಿಳಿಯಬಹುದು. 35 ಮಿ.ಮೀ. ವ್ಯಾಸದ ಶಾಫ್ಟಿನ ಸುತ್ತಳತೆ ಸುಮಾರು 110 ಮಿ.ಮೀ. ಅದು ನಿಮಿಷಕ್ಕೆ 2,000 ಸುತ್ತು ತಿರುಗಿದರೆ, 8 ಗಂಟೆಯಲ್ಲಿ ತುಟಿಯ ಕೆಳಗೆ ಸುಮಾರು 105 ಕಿಲೋಮೀಟರ್ ಉದ್ದದ ಉಕ್ಕು ಹಾದುಹೋಗುತ್ತದೆ. ಕುಮಟಾದಿಂದ ಭಟ್ಕಳಕ್ಕೆ ಹೋಗಿ, ಮರಳಿ ಬರುವಾಗ ಹೊನ್ನಾವರ ದಾಟಿದಷ್ಟು ದೂರವಿದು. ಒಂದು ದಿನದ ಉಳುಮೆಯಲ್ಲಿ ಇಷ್ಟು ದೂರ ಉಜ್ಜಿಸಿಕೊಳ್ಳುವ ರಬ್ಬರಿಗೆ ಒಂದು ಕಣ ಮರಳು ಸಿಕ್ಕಿದರೂ ಸಾಕು, ಅದು ಹರಿಯುತ್ತದೆ.

ಸೀಲುಗಳು ಎಲ್ಲೆಲ್ಲಿ ಇರುತ್ತವೆ?

ಪವರ್ ಟಿಲ್ಲರಿನ ಎಂಜಿನ್ನಿನಲ್ಲಿ ಫ್ಲೈವೀಲಿನ ಹಿಂದೆ, ಕ್ರ್ಯಾಂಕ್ ಶಾಫ್ಟು ಹೊರಬರುವಲ್ಲಿ ಮುಖ್ಯ ಸೀಲು ಇರುತ್ತದೆ. ಹ್ಯಾಂಡಲ್ ಹಾಕಿ ತಿರುಗಿಸುವ ಶಾಫ್ಟಿನ ಬಳಿಯೂ ಒಂದು ಸೀಲು ಇರುವುದುಂಟು. ಗೇರ್ ಪೆಟ್ಟಿಗೆಯಲ್ಲಿ ಕ್ಲಚ್ ಶಾಫ್ಟು, ಎರಡೂ ಗಾಲಿಗಳ ಆ್ಯಕ್ಸಲ್ ಮತ್ತು ಉಳುವ ಬ್ಲೇಡುಗಳನ್ನು ಹೊತ್ತ ರೋಟರಿ ಶಾಫ್ಟು ಇವುಗಳಿಗೆ ಸೀಲುಗಳಿವೆ. ಎಲ್ಲಕ್ಕಿಂತ ಹೆಚ್ಚು ಕಷ್ಟಪಡುವುದು ರೋಟರಿ ಶಾಫ್ಟಿನ ಸೀಲು. ಏಕೆಂದರೆ ಅದು ಕೆಲಸದ ಹೊತ್ತಿನಲ್ಲೆಲ್ಲಾ ಕೆಸರಿನಲ್ಲಿ ಮುಳುಗಿರುತ್ತದೆ.

ತೋಟಕ್ಕೆ ನೀರೆತ್ತುವ ಡೀಸೆಲ್ ಎಂಜಿನ್ನಿನಲ್ಲಿಯೂ ಕ್ರ್ಯಾಂಕ್ ಶಾಫ್ಟಿಗೆ ಇಂಥದೇ ಏರ್ಪಾಡು ಇದೆ. ಆದರೆ ನೀರಿನ ಪಂಪಿನ ಗ್ಲ್ಯಾಂಡ್ ಬೇರೆ, ಆಯಿಲ್ ಸೀಲು ಬೇರೆ ಎಂಬುದನ್ನು ತಿಳಿದಿರಬೇಕು. ದಾರದ ಪ್ಯಾಕಿಂಗ್ ಹಾಕಿದ ಗ್ಲ್ಯಾಂಡಿನಿಂದ ನೀರು ನಿಧಾನವಾಗಿ ಹನಿಯುವುದು ದೋಷವಲ್ಲ. ಆ ಹನಿಯೇ ಶಾಫ್ಟನ್ನು ತಂಪಾಗಿಡುತ್ತದೆ. ಅದನ್ನು ಪೂರ್ತಿ ನಿಲ್ಲಿಸಲು ಗ್ಲ್ಯಾಂಡನ್ನು ಬಿಗಿದರೆ ಶಾಫ್ಟು ಸವೆಯುತ್ತದೆ. ಆಯಿಲ್ ಸೀಲಿನಿಂದ ಎಣ್ಣೆ ಹನಿಯುವುದು ಮಾತ್ರ ಖಂಡಿತವಾಗಿ ದೋಷ.

ಕಾರು, ಜೀಪು ಮತ್ತು ಸರಕು ಸಾಗಿಸುವ ಚಿಕ್ಕ ವಾಹನಗಳ ಎಂಜಿನ್ನುಗಳಲ್ಲಿ ಕ್ರ್ಯಾಂಕ್ ಶಾಫ್ಟಿನ ಮುಂದೆ ಪುಲ್ಲಿಯ ಹಿಂಬದಿಗೊಂದು, ಹಿಂದೆ ಕ್ಲಚ್ಚಿನ ಕಡೆಗೊಂದು ಸೀಲು ಇರುತ್ತವೆ. ವಾಲ್ವುಗಳ ಕಡ್ಡಿಗೂ ಪುಟ್ಟ ಸೀಲುಗಳಿರುತ್ತವೆ. ಮುಂಜಾನೆ ಚಾಲೂ ಮಾಡಿದೊಡನೆ ನೀಲಿ ಹೊಗೆ ಬಂದು ಸ್ವಲ್ಪ ಹೊತ್ತಿನಲ್ಲಿ ನಿಂತರೆ ವಾಲ್ವ್ ಸೀಲು ಅಥವಾ ಗೈಡು ಸವೆದಿರುವ ಸಂಭವವಿದೆ. ಹಿಂಬದಿಯ ಸೀಲನ್ನು ಬದಲಾಯಿಸಲು ಗೇರ್ ಪೆಟ್ಟಿಗೆಯನ್ನೇ ಇಳಿಸಬೇಕಾಗುತ್ತದೆ. ಆದ್ದರಿಂದ ಅದನ್ನು ಅನುಭವಿ ಮೆಕ್ಯಾನಿಕರಿಂದಲೇ ಮಾಡಿಸುವುದು ಸೂಕ್ತ.

ಕರಾವಳಿಯಲ್ಲಿ ಸೀಲು ಬೇಗ ಕೆಡುವುದೇಕೆ?

ಉಪ್ಪು ನೀರು: ಅಘನಾಶಿನಿ ಹಾಗೂ ಶರಾವತಿ ಹೊಳೆಗಳ ಅಳಿವೆಯ ಸಮೀಪದ ಗದ್ದೆಗಳಲ್ಲಿ, ಗಜನಿಯ ಅಂಚಿನಲ್ಲಿ ನೀರು ಮತ್ತು ಮಣ್ಣು ಎರಡರಲ್ಲಿಯೂ ಉಪ್ಪಿನ ಅಂಶವಿದೆ. ಅಲ್ಲಿ ಕೆಲಸ ಮಾಡಿದ ಟಿಲ್ಲರನ್ನು ತೊಳೆಯದೆ ನಿಲ್ಲಿಸಿದರೆ ಶಾಫ್ಟಿನ ಹೊರಗಿನ ಭಾಗಕ್ಕೆ ತುಕ್ಕು ಹಿಡಿಯುತ್ತದೆ. ಆ ತುಕ್ಕಿನ ಸಣ್ಣ ಹೊಂಡಗಳು ಅರದಂತೆ ತುಟಿಯನ್ನು ಉಜ್ಜುತ್ತವೆ.

ಸುತ್ತಿಕೊಂಡ ಹುಲ್ಲು ಮತ್ತು ದಾರ: ರೋಟರಿ ಶಾಫ್ಟಿನ ಬುಡಕ್ಕೆ ಹುಲ್ಲು, ಬೇರು, ಗೊಬ್ಬರ ಚೀಲದ ಎಳೆ, ಮೀನಿನ ಬಲೆಯ ನೈಲಾನ್ ದಾರ ಇವು ಸುತ್ತಿಕೊಳ್ಳುತ್ತವೆ. ಸುತ್ತು ಬಿಗಿಯಾದಂತೆ ಅವು ಒಳಕ್ಕೆ ಸರಿದು ಧೂಳು ತುಟಿಯನ್ನು ಮಡಚಿ, ಕೊನೆಗೆ ಮುಖ್ಯ ತುಟಿಯನ್ನೂ ಕತ್ತರಿಸುತ್ತವೆ. ರೋಟರಿ ಸೀಲು ಕೆಡಲು ಇದು ಬಹು ಸಾಮಾನ್ಯವಾದ ಕಾರಣ. ಇದನ್ನು ತಪ್ಪಿಸಲು ದಿನಕ್ಕೆ ಐದು ನಿಮಿಷ ಸಾಕು.

ಬಿಸಿ ಪೆಟ್ಟಿಗೆಗೆ ತಣ್ಣೀರು: ರಸ್ತೆಯ ಮೇಲೆ ದೂರ ಓಡಿಸಿ ಬಿಸಿಯಾದ ಟಿಲ್ಲರನ್ನು ಒಮ್ಮೆಲೇ ನೀರು ತುಂಬಿದ ಗದ್ದೆಗೆ ಇಳಿಸಿದಾಗ ಗೇರ್ ಪೆಟ್ಟಿಗೆಯೊಳಗಿನ ಗಾಳಿ ತಣಿದು ಕುಗ್ಗುತ್ತದೆ. ಆಗ ಹೊರಗಿನ ನೀರು ಸವೆದ ತುಟಿಯ ಮೂಲಕ ಒಳಕ್ಕೆ ಎಳೆಯಲ್ಪಡುತ್ತದೆ. ಗೇರ್ ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೇ ತಿಳಿಯಬೇಕು. ಹೊರಗೆ ಒಂದು ಹನಿ ಎಣ್ಣೆ ಸೋರದಿದ್ದರೂ ಸೀಲು ಕೆಟ್ಟಿದೆ ಎಂಬುದಕ್ಕೆ ಇದೇ ಸಾಕ್ಷಿ.

ದೀರ್ಘ ಕಾಲ ನಿಲ್ಲಿಸುವುದು: ನಾಟಿ ಮುಗಿದ ಮೇಲೆ ಯಂತ್ರ ತಿಂಗಳುಗಟ್ಟಲೆ ಕೊಟ್ಟಿಗೆಯ ಮೂಲೆಯಲ್ಲಿ ನಿಲ್ಲುತ್ತದೆ. ತುಟಿಯ ಎಣ್ಣೆ ಆರಿ, ರಬ್ಬರು ಒಂದೇ ಕಡೆ ಅಂಟಿಕೊಳ್ಳುತ್ತದೆ. ಮುಂದಿನ ವರ್ಷ ಚಾಲೂ ಮಾಡಿದ ಕ್ಷಣದಲ್ಲಿಯೇ ತುಟಿ ಕಿತ್ತುಬರುತ್ತದೆ.

ಸೀಲಿನದಲ್ಲದ ತಪ್ಪುಗಳು

ಸೋರಿಕೆ ಕಂಡೊಡನೆ ಪಾನಾ ಹಿಡಿಯುವ ಮೊದಲು ಕೆಳಗಿನ ಐದು ಅಂಶಗಳನ್ನು ಪರೀಕ್ಷಿಸಿರಿ. ಇವುಗಳಲ್ಲಿ ಯಾವುದೊಂದು ಇದ್ದರೂ ಹೊಸ ಸೀಲು ಉಳಿಯಲಾರದು.

1. ಬ್ರೀದರ್ ಕಟ್ಟಿರುವುದು: ಪಿಸ್ಟನ್ನಿನ ಪಕ್ಕದಿಂದ ಸ್ವಲ್ಪ ಹೊಗೆಯ ಒತ್ತಡ ಸದಾ ಕೆಳಗಿನ ಎಣ್ಣೆಯ ಕೋಣೆಗೆ ಇಳಿಯುತ್ತದೆ. ಅದು ಹೊರಹೋಗುವ ದಾರಿಯೇ ಬ್ರೀದರ್. ಮಣ್ಣು, ಎಣ್ಣೆಯ ಜಿಡ್ಡು ಅಥವಾ ಕಣಜದ ಹುಳ ಕಟ್ಟಿದ ಗೂಡಿನಿಂದ ಇದು ಮುಚ್ಚಿದರೆ ಒತ್ತಡವು ಸೀಲನ್ನು ತಳ್ಳಿಕೊಂಡು ಎಣ್ಣೆಯನ್ನು ಹೊರಹಾಕುತ್ತದೆ. ಬ್ರೀದರನ್ನು ಬಿಚ್ಚಿ ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ ತೊಳೆದು, ಒಣಗಿಸಿ ಹಾಕಿರಿ. ಇದೊಂದರಿಂದಲೇ ಸೋರಿಕೆ ನಿಲ್ಲುವುದುಂಟು.

2. ಎಣ್ಣೆ ಹೆಚ್ಚಾಗಿರುವುದು: 'ಹೆಚ್ಚು ಇದ್ದರೆ ಒಳ್ಳೆಯದು' ಎಂದು ಗುರುತಿನ ಮೇಲಕ್ಕೆ ಎಣ್ಣೆ ಸುರಿಯಬಾರದು. ಯಂತ್ರವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ ಹತ್ತು ನಿಮಿಷದ ನಂತರ ಕಡ್ಡಿಯಲ್ಲಿ ಮಟ್ಟ ನೋಡಬೇಕು. ಹಾಕದೆಯೂ ಮಟ್ಟ ಏರಿದ್ದು ಎಣ್ಣೆ ತೆಳುವಾಗಿ ಡೀಸೆಲ್ ವಾಸನೆ ಬರುತ್ತಿದ್ದರೆ ಇಂಧನ ಒಳಗೆ ಇಳಿಯುತ್ತಿದೆ ಎಂದು ಅರ್ಥ. ಮೊದಲು ಆ ದೋಷ ಸರಿಪಡಿಸಬೇಕು.

3. ಬೇರಿಂಗ್ ಸವೆದಿರುವುದು: ಎಂಜಿನ್ ನಿಂತಿರುವಾಗ ಫ್ಲೈವೀಲನ್ನು ಎರಡೂ ಕೈಗಳಿಂದ ಹಿಡಿದು ಮೇಲಕ್ಕೆ ಕೆಳಕ್ಕೆ ಅಲುಗಾಡಿಸಿರಿ. ಕೈಗೆ ಆಟ ತಿಳಿದರೆ ಬೇರಿಂಗ್ ಸವೆದಿದೆ. ಕುಣಿಯುವ ಶಾಫ್ಟನ್ನು ಯಾವ ಸೀಲೂ ಹಿಡಿಯಲಾರದು. ರೋಟರಿ ಶಾಫ್ಟನ್ನೂ ಇದೇ ರೀತಿ ಪರೀಕ್ಷಿಸಬೇಕು.

4. ಪಿಸ್ಟನ್ ರಿಂಗ್ ಸವೆದಿರುವುದು: ಬ್ರೀದರಿನಿಂದ ಹೊಗೆ ಜೋರಾಗಿ ಉಗುಳುತ್ತಿದ್ದರೆ, ಎಂಜಿನ್ನಿಗೆ ಮೊದಲಿನ ಬಲ ಇಲ್ಲದಿದ್ದರೆ ರಿಂಗು ಅಥವಾ ಲೈನರ್ ಸವೆದಿರಬಹುದು.

5. ಶಾಫ್ಟಿನಲ್ಲಿ ಗೆರೆ ಬಿದ್ದಿರುವುದು: ಇದನ್ನು ಸೀಲು ಕಳಚಿದ ಮೇಲೆ ಮಾತ್ರ ನೋಡಲು ಸಾಧ್ಯ. ಮುಂದೆ ವಿವರಿಸಲಾಗಿದೆ.

ಸೋರುವ ಜಾಗ ಪತ್ತೆಹಚ್ಚುವುದು

ಎಣ್ಣೆ ಮೇಲಿನಿಂದ ಕೆಳಗೆ ಹರಿಯುತ್ತದೆ. ತಿರುಗುವ ಚಕ್ರ ಅದನ್ನು ಸುತ್ತಲೂ ಎರಚುತ್ತದೆ. ಆದ್ದರಿಂದ ಒದ್ದೆಯಾದ ಜಾಗವೇ ಸೋರುವ ಜಾಗ ಎಂದು ಹೇಳಲಾಗದು. ಟಾಪೆಟ್ ಮುಚ್ಚಳದಿಂದ ಸೋರಿದ ಎಣ್ಣೆ ಇಳಿದು ಬಂದು ಫ್ಲೈವೀಲಿನ ಹಿಂದೆ ಹನಿಯುವುದುಂಟು.

ಮೊದಲು ಎಂಜಿನ್ನನ್ನು ಚೆನ್ನಾಗಿ ಒರೆಸಿ ಒಣಗಿಸಿರಿ. ಅನುಮಾನವಿರುವ ಜಾಗಗಳ ಮೇಲೆ ಮುಖಕ್ಕೆ ಹಚ್ಚುವ ಪೌಡರನ್ನು ತೆಳುವಾಗಿ ಉದುರಿಸಿರಿ. ರಂಗೋಲಿ ಪುಡಿ ಬಳಸಬೇಡಿ. ಅದು ಕಲ್ಲಿನ ಪುಡಿಯಾದ್ದರಿಂದ ತುಟಿಗೆ ಹಾನಿ. ಎಂಜಿನ್ನನ್ನು ಹತ್ತು ಹದಿನೈದು ನಿಮಿಷ ನಡೆಸಿ ಆರಿಸಿ, ಪೌಡರು ಮೊದಲು ಎಲ್ಲಿ ಒದ್ದೆಯಾಗಿದೆ ಎಂದು ನೋಡಿರಿ. ತಿರುಗುವ ಬೆಲ್ಟು ಮತ್ತು ಫ್ಲೈವೀಲಿನ ಹತ್ತಿರ ಕೈ, ಲುಂಗಿ, ಟವೆಲ್ ಬಾರದಂತೆ ಎಚ್ಚರ ವಹಿಸಬೇಕು. ರಾತ್ರಿ ಯಂತ್ರದ ಕೆಳಗೆ ಹಳೆಯ ರಟ್ಟು ಹಾಸಿಟ್ಟರೆ ಬೆಳಿಗ್ಗೆ ಕಲೆಯ ಜಾಗ ಮತ್ತು ಅಳತೆ ಎರಡೂ ತಿಳಿಯುತ್ತವೆ.

ಇನ್ನು ಕೆಲವು ಲಕ್ಷಣಗಳು ಹೀಗಿವೆ:

ಬೆಲ್ಟು ಜಾರುವುದು, ಎಳೆತ ಕಡಿಮೆಯಾಗುವುದು: ಕ್ರ್ಯಾಂಕ್ ಶಾಫ್ಟಿನ ಸೀಲು ಸೋರಿ ಬೆಲ್ಟಿಗೆ ಎಣ್ಣೆ ಎರಚಿದೆ.
ಕ್ಲಚ್ ಹಿಡಿಯದಿರುವುದು, ಸುಟ್ಟ ವಾಸನೆ: ಕ್ಲಚ್ ಪ್ಲೇಟಿಗೆ ಎಣ್ಣೆ ತಗಲಿದೆ.
ಗಾಲಿಯ ಒಳಬದಿಯಲ್ಲಿ ಜಿಡ್ಡು ಮಣ್ಣು: ಆ್ಯಕ್ಸಲ್ ಸೀಲು ಸೋರುತ್ತಿದೆ.
ಗೇರ್ ಎಣ್ಣೆ ಬೆಳ್ಳಗಾಗುವುದು: ರೋಟರಿ ಅಥವಾ ಆ್ಯಕ್ಸಲ್ ಸೀಲಿನಿಂದ ನೀರು ಒಳಸೇರಿದೆ.

ಹನಿಗಳ ಲೆಕ್ಕ

'ಸ್ವಲ್ಪ ಹನಿಯುತ್ತದೆ ಅಷ್ಟೆ, ನಾಟಿ ಮುಗಿಯಲಿ ನೋಡೋಣ' ಎನ್ನುವವರು ಈ ಲೆಕ್ಕವನ್ನು ಗಮನಿಸಬೇಕು. ಹತ್ತು ಸೆಕೆಂಡಿಗೆ ಒಂದು ಹನಿ ಬಿದ್ದರೆ ಗಂಟೆಗೆ 360 ಹನಿ. ಸುಮಾರು 20 ಹನಿಗೆ ಒಂದು ಮಿಲಿಲೀಟರ್ ಎಂದರೆ ಗಂಟೆಗೆ 18 ಮಿ.ಲೀ. ಎಂಟು ಗಂಟೆಯ ಕೆಲಸಕ್ಕೆ 144 ಮಿ.ಲೀ. ಹತ್ತು ದಿನದ ನಾಟಿ ಕಾಲದಲ್ಲಿ ಸುಮಾರು ಒಂದೂವರೆ ಲೀಟರ್. ಟಿಲ್ಲರಿನ ಎಂಜಿನ್ನು ಹಿಡಿಯುವ ಎಣ್ಣೆಯೇ ಎರಡು ಮೂರು ಲೀಟರ್. ದಿನವೂ ಮಟ್ಟ ನೋಡದ ಮನೆಯಲ್ಲಿ ಏನಾಗುವುದೆಂದು ಬೇರೆ ಹೇಳಬೇಕಾಗಿಲ್ಲ. ನಾಟಿಯ ಅರ್ಧದಲ್ಲಿ ಸೋರಿಕೆ ಕಂಡು, ಬಿಚ್ಚಲು ಸಮಯವಿಲ್ಲದಿದ್ದರೆ ಬ್ರೀದರ್ ತೊಳೆದು, ಬೆಳಿಗ್ಗೆ ಮತ್ತು ಮಧ್ಯಾಹ್ನ ಎರಡು ಸಲ ಮಟ್ಟ ನೋಡಿ ಎಣ್ಣೆ ತುಂಬಿಸುತ್ತಾ ಕೆಲಸ ಮುಗಿಸಬಹುದು. ಕ್ಲಚ್ಚಿಗೆ ಎಣ್ಣೆ ತಗಲಿದ್ದರೆ ಅಥವಾ ಗೇರ್ ಪೆಟ್ಟಿಗೆಗೆ ನೀರು ಸೇರಿದ್ದರೆ ಮಾತ್ರ ತಡಮಾಡುವಂತಿಲ್ಲ.

ಸೋರಿದ ಎಣ್ಣೆ ಗದ್ದೆಯ ನೀರಿನ ಮೇಲೆ ಪೊರೆಯಾಗಿ ಹರಡಿ ಕೊನೆಗೆ ಹಳ್ಳ, ಹೊಳೆ ಸೇರುತ್ತದೆ. ಗಜನಿಯಲ್ಲಿ ಕಗ್ಗ ಭತ್ತದ ಕೊಯ್ಲಿನ ನಂತರ ಸಿಗಡಿ, ಮೀನು ಬೆಳೆಯುವುದು ಇದೇ ನೀರಿನಲ್ಲಿ. ಹೊಳೆಯ ಅಳಿವೆಯಲ್ಲಿ ಬಳಚು ಆರಿಸಿ ಬದುಕುವ ಕುಟುಂಬಗಳೂ ಇವೆ. ಬಾವಿಕಟ್ಟೆಯ ಪಕ್ಕದ ಪಂಪ್‌ಸೆಟ್ಟು ಸೋರಿದರೆ ಕುಡಿಯುವ ನೀರಿಗೇ ಅಪಾಯ. ಚಿರೆಕಲ್ಲಿನ ನೆಲದಲ್ಲಿ ಮೇಲೆ ಚೆಲ್ಲಿದ್ದು ಬೇಗ ಕೆಳಗಿಳಿಯುತ್ತದೆ ಎಂಬುದನ್ನು ಮರೆಯಬಾರದು.

ಹೊಸ ಸೀಲನ್ನು ಕೊಳ್ಳುವಾಗ

ಸೀಲಿನ ಮುಖದ ಮೇಲೆ ಮೂರು ಅಂಕೆಗಳಿರುತ್ತವೆ. ಉದಾಹರಣೆಗೆ 35-52-7 ಎಂದಿದ್ದರೆ ಶಾಫ್ಟಿನ ವ್ಯಾಸ 35 ಮಿ.ಮೀ., ರಂಧ್ರದ ವ್ಯಾಸ 52 ಮಿ.ಮೀ., ದಪ್ಪ 7 ಮಿ.ಮೀ. ಎಂದರ್ಥ. ಹಲವು ತಯಾರಕರು ಒಂದೇ ತುಟಿಯ ಸೀಲಿಗೆ 'ಎಸ್.ಸಿ.' ಎಂದೂ, ಧೂಳು ತುಟಿ ಸಹ ಇರುವುದಕ್ಕೆ 'ಟಿ.ಸಿ.' ಎಂದೂ ಗುರುತು ಹಾಕುತ್ತಾರೆ. ಅಂಗಡಿಗೆ ಹಳೆಯ ಸೀಲನ್ನೇ ತೆಗೆದುಕೊಂಡು ಹೋಗುವುದು ಒಳ್ಳೆಯದು. ಅಳತೆ ಒಂದೇ ಆದರೂ ತುಟಿಗಳ ಸಂಖ್ಯೆ ಬೇರೆಯಾಗಿದ್ದರೆ ಒಪ್ಪಬಾರದು.

ರಬ್ಬರಿನ ಜಾತಿಯೂ ಮುಖ್ಯ. ಸಾಮಾನ್ಯವಾಗಿ ಬಳಸುವ ನೈಟ್ರೈಲ್ ರಬ್ಬರು ಸುಮಾರು 100 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಯನ್ನು ತಾಳುತ್ತದೆ. ಗೇರ್ ಪೆಟ್ಟಿಗೆ, ಆ್ಯಕ್ಸಲ್, ರೋಟರಿಗೆ ಇದು ಸಾಕು. ಹೆಚ್ಚು ಬಿಸಿಯಾಗುವ ಎಂಜಿನ್ ಭಾಗಗಳಿಗೆ ಸುಮಾರು 150 ಡಿಗ್ರಿ ತಾಳುವ ಅಕ್ರಿಲಿಕ್ ರಬ್ಬರು ಅಥವಾ ಸುಮಾರು 200 ಡಿಗ್ರಿ ತಾಳುವ ವೈಟಾನ್ ಮುಂತಾದ ಫ್ಲೋರೋ ರಬ್ಬರು ಇರುತ್ತದೆ. ತಯಾರಕರು ಯಾವುದನ್ನು ಹಾಕಿದ್ದಾರೋ ಅದನ್ನೇ ಹಾಕತಕ್ಕದ್ದು.

ಮೊಳೆಗೆ ನೇತುಹಾಕಿದ ಸೀಲುಗಳನ್ನು ಕೊಳ್ಳಬೇಡಿ. ನೇತುಹಾಕಿದಾಗ ಸೀಲಿನ ಭಾರವೆಲ್ಲ ತುಟಿಯ ಒಂದೇ ಬಿಂದುವಿನ ಮೇಲೆ ಬಿದ್ದು ಅದು ಸೊಟ್ಟಗಾಗುತ್ತದೆ. ಮನೆಯಲ್ಲಿಯೂ ಸೀಲನ್ನು ಅದರ ಪೊಟ್ಟಣದಲ್ಲಿಯೇ ಮಟ್ಟಸವಾಗಿ, ಬಿಸಿಲು ತಾಗದ ತಂಪು ಜಾಗದಲ್ಲಿ ಇಡಬೇಕು.

ಬದಲಾಯಿಸುವ ಕ್ರಮ

1. ಯಂತ್ರವನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ತಣಿಯಲು ಬಿಡಿ. ಡೀಸೆಲ್ ನಲ್ಲಿಯನ್ನು ಮುಚ್ಚಿರಿ. ಸುತ್ತಲಿನ ಮಣ್ಣನ್ನು ಪೂರ್ತಿ ತೊಳೆದು ಒರೆಸಿರಿ. ಎಣ್ಣೆಯನ್ನು ಸ್ವಚ್ಛವಾದ ಡಬ್ಬಕ್ಕೆ ಇಳಿಸಿ ನೋಡಿರಿ. ಅದರಲ್ಲಿ ಲೋಹದ ಪುಡಿ ಹೊಳೆದರೆ ಬೇರಿಂಗ್ ಅಥವಾ ಗೇರನ್ನು ಪರೀಕ್ಷಿಸಬೇಕು.

2. ಬೆಲ್ಟು, ಪುಲ್ಲಿಗಳನ್ನು ಕಳಚಿರಿ. ಫ್ಲೈವೀಲನ್ನು ಪುಲ್ಲರಿನಿಂದಲೇ ಎಳೆಯಬೇಕು. ಸುತ್ತಿಗೆಯಿಂದ ಹೊಡೆದು ತೆಗೆದರೆ ಶಾಫ್ಟಿನ ತುದಿ ಮತ್ತು ಬೇರಿಂಗ್ ಕೆಡುತ್ತವೆ. ಫ್ಲೈವೀಲು ಬಹಳ ಭಾರವಾದ್ದರಿಂದ ಇಬ್ಬರು ಬೇಕು. ಪುಲ್ಲರ್ ಇಲ್ಲದವರು ಈ ಕೆಲಸಕ್ಕೆ ಕೈಹಾಕದಿರುವುದು ಮೇಲು.

3. ಹಳೆಯ ಸೀಲು ಎಷ್ಟು ಆಳದಲ್ಲಿ, ಯಾವ ಮುಖ ಹೊರಗಾಗಿ ಕೂತಿದೆ ಎಂದು ನೋಡಿ ಬರೆದಿಟ್ಟುಕೊಳ್ಳಿರಿ.

4. ಉಕ್ಕಿನ ಬಳೆಯಲ್ಲಿ ಎದುರುಬದುರಾಗಿ ಎರಡು ಸಣ್ಣ ತೂತು ಕೊರೆದು, ತಗಡಿಗೆ ಹಾಕುವ ಸ್ಕ್ರೂಗಳನ್ನು ತಿರುಗಿಸಿ, ಇಕ್ಕಳದಿಂದ ಎರಡೂ ಕಡೆ ಸಮನಾಗಿ ಎಳೆಯಿರಿ. ಕೊರೆದ ಚೂರುಗಳು ಒಳಗೆ ಬೀಳದಂತೆ ಮೊನೆಗೆ ಗ್ರೀಸ್ ಹಚ್ಚಿರಿ. ಶಾಫ್ಟನ್ನು ಆಸರೆ ಮಾಡಿಕೊಂಡು ಸ್ಕ್ರೂಡ್ರೈವರಿನಿಂದ ಮೀಟಬಾರದು. ಅದರ ಒಂದು ಗೀರು ಸಾಕು, ಹೊಸ ಸೀಲು ಸೋರುತ್ತದೆ.

5. ಶಾಫ್ಟನ್ನು ಒರೆಸಿ, ತುಟಿ ಕೂರುವ ಜಾಗದಲ್ಲಿ ಉಗುರನ್ನು ಉದ್ದಕ್ಕೆ ಎಳೆದು ನೋಡಿರಿ. ಉಗುರು ಸಿಕ್ಕಿಕೊಂಡರೆ ಗೆರೆ ಬಿದ್ದಿದೆ. ಬರಿಯ ಹೊಳಪಿನ ಗುರುತಾದರೆ ಚಿಂತೆಯಿಲ್ಲ. ಲಘುವಾದ ತುಕ್ಕನ್ನು 400 ಅಥವಾ 600 ನಂಬರಿನ ಎಮರಿ ಕಾಗದಕ್ಕೆ ಎಣ್ಣೆ ಹಚ್ಚಿ ಶಾಫ್ಟಿನ ಸುತ್ತಲೂ ಮಾತ್ರ ಉಜ್ಜಬೇಕು. ಉದ್ದಕ್ಕೆ ಅಥವಾ ಓರೆಯಾಗಿ ಉಜ್ಜಿದರೆ ಆ ಗೀರುಗಳೇ ಕಾಲುವೆಗಳಾಗಿ ಎಣ್ಣೆಯನ್ನು ಹೊರಕ್ಕೆ ಸಾಗಿಸುತ್ತವೆ. ಗೆರೆ ಆಳವಾಗಿದ್ದರೆ ಮೂರು ಉಪಾಯಗಳಿವೆ. ಜಾಗವಿದ್ದರೆ ಹೊಸ ಸೀಲನ್ನು ಒಂದೆರಡು ಮಿ.ಮೀ. ಹಿಂದೆ ಅಥವಾ ಮುಂದೆ ಕೂರಿಸಿ ತುಟಿಗೆ ಹೊಸ ಜಾಗ ಕೊಡಬಹುದು. ಶಾಫ್ಟಿನ ಮೇಲೆ ತೆಳುವಾದ ರಿಪೇರಿ ಸ್ಲೀವ್ ಹಾಕಿಸಬಹುದು. ಇಲ್ಲವಾದರೆ ಶಾಫ್ಟನ್ನೇ ಬದಲಾಯಿಸಬೇಕು.

6. ರಂಧ್ರವನ್ನು ಸ್ವಚ್ಛಗೊಳಿಸಿರಿ. ಹೊಸ ಸೀಲಿನ ತುಟಿಗೆ ಸ್ವಚ್ಛ ಎಂಜಿನ್ ಎಣ್ಣೆ ಹಚ್ಚಿರಿ. ಎರಡು ತುಟಿಗಳ ನಡುವಿನ ಸಂದಿಗೆ ಸ್ವಲ್ಪ ಗ್ರೀಸ್ ತುಂಬಿರಿ. ಒಣ ಸೀಲನ್ನು ಎಂದಿಗೂ ಹಾಕಬಾರದು. ಮೊದಲ ಒಂದು ನಿಮಿಷದಲ್ಲಿಯೇ ಅದು ಸುಟ್ಟುಹೋಗುತ್ತದೆ.

7. ಸ್ಪ್ರಿಂಗು ಕಾಣುವ ಮುಖ ಎಣ್ಣೆಯ ಕಡೆಗೆ, ಧೂಳು ತುಟಿ ಹೊರಗಡೆಗೆ ಇರಬೇಕು. ಚಾವಿ ಕೂರುವ ಕಚ್ಚು ಮತ್ತು ಮರೆಯ ಚೂಪು ಅಂಚು ತುಟಿಯನ್ನು ಕತ್ತರಿಸದಂತೆ ಶಾಫ್ಟಿನ ತುದಿಗೆ ತೆಳುವಾದ ಪ್ಲಾಸ್ಟಿಕ್ ಕೊಟ್ಟೆಯನ್ನು ಎಣ್ಣೆ ಹಚ್ಚಿ ಸುತ್ತಿ, ಸೀಲನ್ನು ಅದರ ಮೇಲಿಂದ ಜಾರಿಸಿರಿ. ಬಳಿಕ ಕೊಟ್ಟೆಯನ್ನು ಎಳೆದು ತೆಗೆಯಿರಿ.

8. ಸೀಲಿನ ಹೊರ ಬಳೆಯಷ್ಟೇ ಅಗಲದ, ತುದಿ ಸಮನಾದ ಕೊಳವೆಯ ತುಂಡನ್ನಿಟ್ಟು ಮರದ ಸುತ್ತಿಗೆಯಿಂದ ಮೆಲ್ಲಗೆ ಬಡಿದು ನೇರವಾಗಿ ಕೂರಿಸಿರಿ. ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಆಗಬಾರದು. ಸೀಲನ್ನು ನೇರವಾಗಿ ಸುತ್ತಿಗೆಯಿಂದ ಹೊಡೆಯಬಾರದು. ಅಂಟು ಬೇಕಾದರೆ ಉಕ್ಕಿನ ಹೊರ ಅಂಚಿಗೆ ಮಾತ್ರ ತೆಳುವಾಗಿ ಹಚ್ಚಿರಿ. ತುಟಿಗೆ ತಗಲಿದರೆ ಸೀಲು ಕೆಟ್ಟಂತೆಯೇ. ಹೊರಗೆ ರಬ್ಬರ್ ಹೊದಿಕೆ ಇರುವ ಸೀಲಿಗೆ ಅಂಟು ಬೇಡ.

9. ಎಲ್ಲವನ್ನೂ ಜೋಡಿಸಿ, ಕೈಪಿಡಿಯಲ್ಲಿ ಹೇಳಿದ ದರ್ಜೆಯ ಹೊಸ ಎಣ್ಣೆಯನ್ನು ಗುರುತಿನವರೆಗೆ ತುಂಬಿಸಿರಿ. ಎಂಜಿನ್ನನ್ನು ಹದಿನೈದು ನಿಮಿಷ ನಿಧಾನವಾಗಿ ನಡೆಸಿ ನೋಡಿರಿ. ಹೊಸ ತುಟಿ ಶಾಫ್ಟಿಗೆ ಹೊಂದಿಕೊಳ್ಳುವವರೆಗೆ ಸ್ವಲ್ಪ ತೇವ ಕಾಣಬಹುದು. ಒಂದು ದಿನದ ಕೆಲಸದ ಮೇಲೂ ಅದು ಹನಿಯಾಗಿ ಬೀಳುತ್ತಿದ್ದರೆ ಮತ್ತೆ ಕಾರಣ ಹುಡುಕಬೇಕು.

ಇಳಿಸಿದ ಹಳೆಯ ಎಣ್ಣೆಯನ್ನು ತೆಂಗಿನ ಬುಡಕ್ಕೆ, ಚರಂಡಿಗೆ ಅಥವಾ ಹೊಳೆಗೆ ಸುರಿಯಬಾರದು. ಮುಚ್ಚಳವಿರುವ ಡಬ್ಬದಲ್ಲಿ ಕೂಡಿಟ್ಟು, ಹಳೆಯ ಎಣ್ಣೆಯನ್ನು ಸಂಸ್ಕರಣೆಗೆ ಕಳುಹಿಸುವ ಗ್ಯಾರೇಜಿಗೆ ಕೊಡಬೇಕು.

ರೈತರು ಕೇಳುವ ಕೆಲವು ಪ್ರಶ್ನೆಗಳು

ಸ್ಪ್ರಿಂಗನ್ನು ಸ್ವಲ್ಪ ಕತ್ತರಿಸಿ ಬಿಗಿ ಮಾಡಿದರೆ ಹಳೆಯ ಸೀಲೇ ನಡೆಯುತ್ತದಲ್ಲವೇ?
ಕೆಲವು ದಿನ ಸೋರಿಕೆ ನಿಲ್ಲಬಹುದು. ಆದರೆ ಅತಿಯಾದ ಒತ್ತಡದಿಂದ ಎಣ್ಣೆಯ ಪೊರೆ ಹರಿದು ತುಟಿ ಸುಡುತ್ತದೆ. ಶಾಫ್ಟಿನಲ್ಲಿ ಗೆರೆ ಬೀಳುತ್ತದೆ. ಸೀಲಿನ ಹಣ ಉಳಿಸಲು ಹೋಗಿ ಶಾಫ್ಟನ್ನು ಕಳೆದುಕೊಂಡಂತಾಗುತ್ತದೆ.

ಸೋರಿಕೆ ನಿಲ್ಲಿಸುವ ದ್ರವವನ್ನು ಎಣ್ಣೆಗೆ ಹಾಕಬಹುದೇ?
ಇಂಥ ದ್ರವಗಳು ಗಟ್ಟಿಯಾದ ರಬ್ಬರನ್ನು ಉಬ್ಬಿಸಿ ಸ್ವಲ್ಪ ಕಾಲ ಸೋರಿಕೆ ಕಡಿಮೆ ಮಾಡಬಹುದು. ಹರಿದ ತುಟಿಯನ್ನಾಗಲೀ ಗೆರೆ ಬಿದ್ದ ಶಾಫ್ಟನ್ನಾಗಲೀ ಅವು ಸರಿಪಡಿಸಲಾರವು.

ಬೇರೆ ಕೆಲಸಕ್ಕೆ ಬಿಚ್ಚಿದಾಗ ಚೆನ್ನಾಗಿರುವ ಸೀಲನ್ನು ಮತ್ತೆ ಹಾಕಬಹುದೇ?
ಬೇಡ. ಕಳಚಿದ ಸೀಲು ಮೊದಲಿನಂತೆ ಕೂರುವುದಿಲ್ಲ. ಬೇರಿಂಗ್ ಅಥವಾ ಕ್ಲಚ್ಚಿಗಾಗಿ ಬಿಚ್ಚಿದಾಗಲೆಲ್ಲ ಅಲ್ಲಿನ ಸೀಲನ್ನೂ ಬದಲಾಯಿಸಿರಿ. ಬಿಚ್ಚುವ ಶ್ರಮವೇ ದೊಡ್ಡದು, ಸೀಲಿನ ಬೆಲೆ ಚಿಕ್ಕದು.

ವರ್ಷದ ಆರೈಕೆ

ಮೇ ತಿಂಗಳಲ್ಲಿ, ರೋಹಿಣಿ ಮಳೆಗೆ ಮುಂಚೆ: ಬ್ರೀದರ್ ತೊಳೆಯಿರಿ, ಬೇರಿಂಗಿನ ಆಟ ನೋಡಿರಿ, ಎಂಜಿನ್ ಮತ್ತು ಗೇರ್ ಎಣ್ಣೆ ಪರೀಕ್ಷಿಸಿರಿ, ಪೌಡರ್ ಪರೀಕ್ಷೆ ಮಾಡಿರಿ. ರೋಟರಿ ಮತ್ತು ಆ್ಯಕ್ಸಲಿಗೆ ಒಂದೊಂದು ಜೊತೆ ಸೀಲನ್ನು ಮನೆಯಲ್ಲಿ ತಂದಿಡಿರಿ.

ನಾಟಿಯ ಕಾಲದಲ್ಲಿ ಪ್ರತಿ ದಿನ ಸಂಜೆ: ಎಂಜಿನ್ ಆರಿಸಿದ ಮೇಲೆ ರೋಟರಿಗೆ ಸುತ್ತಿದ ಹುಲ್ಲು, ದಾರಗಳನ್ನು ಕುಡಗೋಲಿನಿಂದ ಕತ್ತರಿಸಿ ತೆಗೆಯಿರಿ. ಸಿಹಿನೀರಿನಿಂದ ತೊಳೆಯಿರಿ. ಜೋರಾದ ನೀರಿನ ಧಾರೆಯನ್ನು ನೇರವಾಗಿ ಸೀಲಿನ ಮೇಲೆ ಬಿಡಬೇಡಿ. ಬೆಳಿಗ್ಗೆ ಎಣ್ಣೆಯ ಮಟ್ಟ ನೋಡದೆ ಹ್ಯಾಂಡಲ್ ಹಾಕಬೇಡಿ. ರಸ್ತೆಯಲ್ಲಿ ಓಡಿಸಿ ಬಂದ ಟಿಲ್ಲರನ್ನು ಸ್ವಲ್ಪ ತಣಿಯಲು ಬಿಟ್ಟು ಗದ್ದೆಗೆ ಇಳಿಸಿರಿ.

ಕೆಲಸವಿಲ್ಲದ ತಿಂಗಳುಗಳಲ್ಲಿ: ಹೊಸ ಎಣ್ಣೆ ತುಂಬಿಸಿ, ತೆರೆದ ಶಾಫ್ಟಿಗೆ ಗ್ರೀಸ್ ಹಚ್ಚಿ ಒಣ ಜಾಗದಲ್ಲಿ ನಿಲ್ಲಿಸಿರಿ. ಹದಿನೈದು ದಿನಕ್ಕೊಮ್ಮೆ ಹತ್ತು ನಿಮಿಷ ನಡೆಸಿದರೆ ತುಟಿಗಳು ಒಣಗುವುದಿಲ್ಲ.

ವಿಸ್ತರಣಾ ಕಾರ್ಯಕರ್ತರು ತಮ್ಮ ಹೋಬಳಿಯಲ್ಲಿ ಯಾವ ಮಾದರಿಯ ಟಿಲ್ಲರುಗಳು ಎಷ್ಟಿವೆ, ಅವುಗಳ ಸೀಲಿನ ಅಳತೆಗಳೇನು ಎಂಬ ಪಟ್ಟಿಯೊಂದನ್ನು ಮಾಡಿಟ್ಟರೆ ಬಹಳ ಉಪಯೋಗವಾಗುತ್ತದೆ. ಮೇ ಮೊದಲ ವಾರದಲ್ಲಿ ನಾಲ್ಕಾರು ಊರುಗಳ ಯಂತ್ರಗಳನ್ನು ಒಂದೆಡೆ ಸೇರಿಸಿ ಒಬ್ಬ ಮೆಕ್ಯಾನಿಕರ ನೆರವಿನಿಂದ ಪರೀಕ್ಷೆ ನಡೆಸಬಹುದು. ಒಂದು ಪುಲ್ಲರನ್ನು ಹತ್ತು ಮನೆಯವರು ಕೂಡಿ ಕೊಂಡರೂ ಸಾಕು. ಬಾಡಿಗೆಗೆ ಓಡುವ ಟಿಲ್ಲರುಗಳಿಗೆ ಈ ಪರೀಕ್ಷೆ ಇನ್ನೂ ಅಗತ್ಯ. ಏಕೆಂದರೆ ಅಂಥ ಒಂದು ಯಂತ್ರ ನಿಂತರೆ ಇಪ್ಪತ್ತು ಮನೆಗಳ ನಾಟಿ ನಿಲ್ಲುತ್ತದೆ.

ಕೊನೆಯದಾಗಿ, ಸೋರಿಕೆ ಕಂಡಾಗ ಮೊದಲು ಬ್ರೀದರ್, ಆಮೇಲೆ ಎಣ್ಣೆಯ ಮಟ್ಟ, ಬಳಿಕ ಬೇರಿಂಗು ಮತ್ತು ರಿಂಗು, ಕೊನೆಗೆ ಶಾಫ್ಟು ಮತ್ತು ಸೀಲು ಎಂಬ ಕ್ರಮವನ್ನು ನೆನಪಿನಲ್ಲಿಡಿರಿ. ಈ ಕ್ರಮ ತಪ್ಪದೆ ನೋಡುವವರು ಒಂದೇ ಸೀಲಿಗೆ ಮೂರು ಸಲ ದುಡ್ಡು ಕೊಡಬೇಕಾಗುವುದಿಲ್ಲ. ಮೃಗಶಿರ ಮಳೆಯಲ್ಲಿ ಗದ್ದೆಯ ನಡುವೆ ಯಂತ್ರವನ್ನು ಬಿಚ್ಚಿಕೊಂಡು ಕೂರಬೇಕಾಗಿಯೂ ಬರುವುದಿಲ್ಲ.